ಭವಿಷ್ಯದ ಪೊಲೀಸರೂ ಅಕ್ಕನ ಹೆಬ್ಬೆರಳೂ

ನನ್ನ ಬಲಗೈ ಹೆಬ್ಬೆರಳಿಗೆ ಒಂದು ಚಾಳಿಯಿದೆ. ಕೆಲಸವಿಲ್ಲದಾಗಲೆಲ್ಲ ಅದು ತೋರುಬೆರಳಿನ ಪಕ್ಕವನ್ನು ಒತ್ತುತ್ತಿರುತ್ತದೆ. ಎರಡು ಸಲ ಬೇಗಬೇಗ, ಆಮೇಲೆ ಒಮ್ಮೆ ಗಟ್ಟಿಯಾಗಿ. ಸಭೆಗಳಲ್ಲಿ, ಲಿಫ್ಟಿನ ಮುಂದೆ, ವರದಿಗಾರನೊಬ್ಬ 'ಈಗ ಕಳಿಸಿದೆ ಸರ್' ಎಂದು ಹೇಳಿ ನಾಪತ್ತೆಯಾದಾಗ ಹೆಬ್ಬೆರಳು ತನ್ನಷ್ಟಕ್ಕೆ ಶುರುಮಾಡುತ್ತದೆ. ಸುದ್ದಿಮನೆಯಲ್ಲಿ ನನ್ನ ಎದುರು ಕೂರುವವರು ಇದನ್ನು ನರಗಳ ತೊಂದರೆ ಎಂದು ತೀರ್ಮಾನಿಸಿ ಒಂದು ಎಣ್ಣೆಯ ಹೆಸರು ಹೇಳಿದರು. ಸುದ್ದಿಯಾದರೆ ತಿದ್ದಬಹುದಿತ್ತು. ಸಹೋದ್ಯೋಗಿಯ ಸಹಾನುಭೂತಿಯನ್ನು ತಿದ್ದುವುದು ಕಷ್ಟ. ದಾಖಲೆಗಾಗಿ ನಿಮಗೆ ಮಾತ್ರ ಹೇಳುತ್ತೇನೆ: ನನ್ನ ನರಗಳು ಸರಿಯಾಗಿವೆ. ಹೆಬ್ಬೆರಳು ಗುಂಡು ಹಾರಿಸುತ್ತಿದೆ. ಎರಡು ಗುಂಡು, ಒಂದು ಜಿಗಿತ.

ಇದನ್ನು ಅದು ಕಲಿತದ್ದು ಹೈದರಾಬಾದಿನ ಬರ್ಕತ್‌ಪುರದ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ, ಟಿ.ವಿ.ಗೆ ಜೋಡಿಸುವ ಒಂದು ವಿಡಿಯೋ ಗೇಮಿನ ಮುಂದೆ. ಅದಕ್ಕೆ ಇದ್ದದ್ದು ಒಂದೇ ಕ್ಯಾಸೆಟ್ಟು. ಅದರ ಲೇಬಲ್ ಯಾವ ದೇಶದ ಲಿಪಿಯಲ್ಲಿತ್ತೋ ಗೊತ್ತಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು ಎಂದು ಇಷ್ಟೆಲ್ಲ ಭಾಷೆ ಇಟ್ಟುಕೊಂಡ ಸಂಸಾರಕ್ಕೂ ಅದನ್ನು ಓದಲಾಗಲಿಲ್ಲ. ಹಾಗಾಗಿ ನಾವು ಅದನ್ನು 'ಪೊಲೀಸ್ ಗೇಮ್' ಎಂದೆವು. ಆಟ ಶುರುವಾಗುವ ಮೊದಲು ಪರದೆಯ ಮೇಲೆ ಒಂದು ಇಸವಿ ಮೂಡುತ್ತಿತ್ತು. ಆಗ ಅದು ಬಹಳ ದೂರದ ಇಸವಿ. ಈಗ ಅದೂ ಕಳೆದುಹೋಗಿದೆ. ಅಂದರೆ ಭವಿಷ್ಯ ಆಗಲೇ ಬಂದು, ನಮ್ಮನ್ನು ಕೇಳದೆ ಹೊರಟೂಹೋಗಿದೆ.

ಆ ಭವಿಷ್ಯದ ಪೊಲೀಸರು ಇಬ್ಬರು, ಒಬ್ಬ ನೀಲಿ, ಒಬ್ಬ ಕೆಂಪು. ಇಬ್ಬರಿಗೂ ಲೋಹದ ಅಂಗಿ, ಮುಖ ಮುಚ್ಚುವ ಹೆಲ್ಮೆಟ್ಟು, ತೊಡೆಗಿಂತ ದಪ್ಪನೆಯ ಬಂದೂಕು. ಅವರು ಎಡದಿಂದ ಬಲಕ್ಕೆ ಓಡುತ್ತಾರೆ. ಅವರು ಓಡಿದಂತೆ ಊರು ಹಿಂದಕ್ಕೆ ಸರಿಯುತ್ತದೆ. ಗಾಜಿನ ಕಟ್ಟಡಗಳು, ರಸ್ತೆಯ ಮೇಲೆ ರಸ್ತೆ, ಆ ರಸ್ತೆಯ ಮೇಲೆ ರೈಲು. ಪರದೆಯ ಎಡ ಅಂಚು ಗೋಡೆಯಿದ್ದ ಹಾಗೆ. ಒಮ್ಮೆ ದಾಟಿದ ಬೀದಿಗೆ ಮರಳುವಂತಿಲ್ಲ. ನಿಲ್ಲುವಂತೆಯೂ ಇಲ್ಲ, ಮೇಲಿನ ಮೂಲೆಯಲ್ಲಿ ಗಡಿಯಾರದ ಅಂಕಿ ಇಳಿಯುತ್ತಿರುತ್ತದೆ. ಚಡಪಡಿಸುವ ಹುಡುಗನೊಬ್ಬನಿಗೆ ಇದಕ್ಕಿಂತ ಒಳ್ಳೆಯ ಗುರುಕುಲ ಸಿಗಲಾರದು.

ಅಪ್ಪ ಪೊಲೀಸ್ ಇಲಾಖೆಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ರಾಯಚೂರು ಕಡೆಯಿಂದ ಅಜ್ಜನ ಕಾಲಕ್ಕೇ ಹೈದರಾಬಾದಿಗೆ ಬಂದ ಮನೆತನ ನಮ್ಮದು. ಸರ್ಕಾರಿ ಕಾಗದದ ಮೇಲೆ ನಂಬಿಕೆ ವಂಶಪಾರಂಪರ್ಯವಾಗಿ ಬಂದಿತ್ತು. ಅಪ್ಪ ಸಂಜೆ ಚಹಾದ ಕಪ್ಪು ಹಿಡಿದು ನಮ್ಮ ಹಿಂದೆ ನಿಂತು ನೋಡುತ್ತಿದ್ದರು.

"ಇವ ಯಾವ ಠಾಣೆದಾವ?" ಎಂದು ಕೇಳಿದರು ಒಮ್ಮೆ.

"ಅಪ್ಪಾ, ಇವ ಭವಿಷ್ಯದ ಪೊಲೀಸ."

"ಭವಿಷ್ಯ ಇರ್ಲಿ. ಠಾಣೆ ಯಾವುದು? ಇವನ ಸರಹದ್ದು ಎಲ್ಲಿಗೆ ಮುಗಿತೈತಿ? ಬಂದಾಗಿಂದ ಬರೇ ಹೊಡ್ಯಾಕತ್ತಾನ. ಒಂದ್ ಪಂಚನಾಮಾ ಇಲ್ಲ, ಒಬ್ಬರ ಹೆಸರ ಕೇಳಲಿಲ್ಲ. ಇವ ಪೊಲೀಸ ಅಲ್ಲೋ, ಇವನ್ನ ಹಿಡ್ಯಾಕ ಪೊಲೀಸರು ಬೇಕು."

ಇವತ್ತು ಅಪರಾಧದ ವರದಿ ನನ್ನ ಮೇಜಿಗೆ ಬಂದರೆ ನಾನು ಕೇಳುವ ಮೊದಲ ಪ್ರಶ್ನೆಯೂ 'ಠಾಣೆ ಯಾವುದು?' ಎಂಬುದೇ. ವರದಿಗಾರರು ಇದನ್ನು ನನ್ನ ವೃತ್ತಿಯ ಶಿಸ್ತು ಎಂದುಕೊಂಡಿದ್ದಾರೆ.

ಪಕ್ಕದ ಮನೆಯಲ್ಲಿ ಉರ್ದು ಕಲಿಸುವ ಮೇಷ್ಟ್ರೊಬ್ಬರಿದ್ದರು. ಎಲ್ಲರಿಗೂ ಅವರು ಚಾಚಾ. ಅವರು ಒಮ್ಮೆ ಪತ್ರಿಕೆ ಕೇಳಲು ಬಂದವರು ಕನ್ನಡಕ ಏರಿಸಿ ಸ್ವಲ್ಪ ಹೊತ್ತು ಆಟ ನೋಡಿದರು. "ಅರೇ ಬೇಟಾ, ಏ ಲೋಗಾಂ ಉಲ್ಟಾ ಜಾರೇ" ಎಂದರು. ಜೀವಮಾನವಿಡೀ ಬಲದಿಂದ ಎಡಕ್ಕೆ ಓದಿದವರಿಗೆ ನಮ್ಮ ಪೊಲೀಸರು ಹಿಮ್ಮುಖವಾಗಿ ಓಡುವಂತೆ ಕಂಡಿದ್ದರು. ಅವರ ಲೆಕ್ಕದಲ್ಲಿ ಸರಿಯಾದ ದಿಕ್ಕಿನಿಂದ ಬರುತ್ತಿದ್ದವರು ದುಷ್ಟರು ಮಾತ್ರ.

ಆದರೆ ಈ ಆಟದ ಅಸಲಿ ಸಂಗತಿ ಬೇರೆಯೇ ಇದೆ. ಇಬ್ಬರು ಸೇರಿ ಆಡುವಾಗ ಒಬ್ಬನೇ ಮುಂದೆ ಹೋಗುವಂತಿಲ್ಲ. ನೀವು ಎಷ್ಟೇ ವೇಗವಾಗಿ ಬಲ ಅಂಚಿಗೆ ಓಡಿದರೂ, ಜೊತೆಗಾರ ಎಡ ಅಂಚಿನಲ್ಲಿ ನಿಂತಿದ್ದರೆ ಊರು ಸರಿಯುವುದಿಲ್ಲ. ನೀವು ಅಲ್ಲೇ ಗೋಡೆಗೆ ಮೂಗು ಒತ್ತಿ ಕುಣಿಯುತ್ತಿರಬೇಕು. ನನ್ನ ಜೊತೆಗಾರ್ತಿ ಅಕ್ಕ ಇಂದಿರಾ. ನಾನು ನೀಲಿ, ಅವಳು ಕೆಂಪು. ನನಗೆ ಮುಂದಿನ ಬೀದಿ ಬೇಕು, ಅವಳಿಗೆ ಈ ಬೀದಿ ಮುಗಿಯಬೇಕು. ಮಾಳಿಗೆಯ ಮೇಲೆ ಒಬ್ಬ, ಚರಂಡಿಯ ಮುಚ್ಚಳದ ಕೆಳಗೆ ಒಬ್ಬ, ಹೀಗೆ ಒಬ್ಬೊಬ್ಬರನ್ನೂ ಹುಡುಕಿ ಮುಗಿಸದೆ ಅವಳು ಹೆಜ್ಜೆ ಇಡುತ್ತಿರಲಿಲ್ಲ. "ಬಾ ಅಕ್ಕಾ, ಬಾ" ಎಂದು ನಾನು ಕೂತಲ್ಲೇ ಕುಣಿಯುತ್ತಿದ್ದೆ. ಅವಳು ತಿರುಗಿಯೂ ನೋಡದೆ "ತಡಿಯೋ, ಇನ್ನೊಬ್ಬ ಉಳದಾನ" ಎನ್ನುತ್ತಿದ್ದಳು.

ಇಂಥವಳು ಹಲ್ಲಿನ ಡಾಕ್ಟರಾದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಮಿಯಾಪುರದಲ್ಲಿ ಅವಳ ಕ್ಲಿನಿಕ್ಕಿದೆ. ಒಂದು ಹಲ್ಲು ತೋರಿಸಲು ಹೋದವರು ಮೂವತ್ತೆರಡನ್ನೂ ತೋರಿಸದೆ ಕೆಳಗಿಳಿದದ್ದಿಲ್ಲ. ಇಂಜೆಕ್ಷನ್ ಕೊಡುವ ಮುಂಚೆ ಅವಳು ಹೇಳುವ ಮಾತೂ ಒಂದೇ. ತೆಲುಗಿನವರಿಗೆ ತೆಲುಗಿನಲ್ಲಿ, ಹಿಂದಿಯವರಿಗೆ ಹಿಂದಿಯಲ್ಲಿ, ಬೆಂಗಳೂರು ಮೈಸೂರಿನಿಂದ ಕೆಲಸಕ್ಕೆ ಬಂದ ಹುಡುಗರಿಗೆ ಕನ್ನಡದಲ್ಲಿ: "ಸ್ವಲ್ಪ ನೋವಾಗ್ತೈತಿ, ಅಷ್ಟ."

ಕಳೆದ ವರ್ಷ ಆ ಕ್ಲಿನಿಕ್ಕಿನ ಮೆಟ್ಟಿಲಲ್ಲೇ ಅವಳು ಜಾರಿದಳು. ಆಗತಾನೆ ನೀರು ಹಾಕಿ ಒರೆಸಿದ್ದ ಮೆಟ್ಟಿಲು. ಬೀಳುವಾಗ ಬಲಗೈ ಊರಿದ್ದರಿಂದ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿದರು. ಮೂಳೆ ಚೆನ್ನಾಗಿ ಕೂಡಿತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಗೊತ್ತಾಯಿತು, ಅದರೊಳಗೆ ಬೆರಳುಗಳು ಮರಗಟ್ಟಿವೆ. ಹೆಬ್ಬೆರಳಂತೂ ಪಕ್ಕಕ್ಕೆ ನಿಂತುಬಿಟ್ಟಿತ್ತು. ಉಳಿದ ಬೆರಳುಗಳ ಕಡೆಗೆ ಬಾಗಲೊಲ್ಲದು. ಮೂಳೆಯ ಡಾಕ್ಟರು ನೇರವಾಗಿ ಹೇಳಿದರು: ನೋವಾದರೂ ಈಗಲೇ ಆಡಿಸಬೇಕು, ಈ ಸಮಯ ಕಳೆದರೆ ಬಿಗಿತ ಹಾಗೆಯೇ ಉಳಿಯುತ್ತದೆ. ಹಲ್ಲಿನ ಡಾಕ್ಟರಿಗೆ ಹೆಬ್ಬೆರಳು ಇಲ್ಲದಿದ್ದರೆ ಇಂಜೆಕ್ಷನ್ ಇಲ್ಲ, ಇಕ್ಕಳ ಇಲ್ಲ, ಕ್ಲಿನಿಕ್ಕೇ ಇಲ್ಲ.

ಮನೆಗೆ ಬಂದು ಕೈ ಆಡಿಸಲು ಸ್ವಪ್ನಾ ಎಂಬ ಫಿಸಿಯೋಥೆರಪಿಸ್ಟ್ ಹುಡುಗಿ ಗೊತ್ತಾದಳು. ಮೊದಲ ದಿನವೇ ಆಕೆ ಅಕ್ಕನ ಹೆಬ್ಬೆರಳನ್ನು ಹಿಡಿದು ನಗುತ್ತ, "ಕೊಂಚೆಂ ನೊಪ್ಪಿ ಉಂಟುಂದಿ ಮೇಡಂ, ಅಂತೇ" ಎಂದಳು. ಸ್ವಲ್ಪ ನೋವಾಗುತ್ತದೆ, ಅಷ್ಟೇ. ಮಿಯಾಪುರದ ಅರ್ಧ ಜನ ಅಕ್ಕನ ಬಾಯಿಂದ ಕೇಳಿದ ಮಾತು ಅದು. ಅಕ್ಕ ಕೂಗಿದ್ದು ಕೆಳಗಿನ ವಾಚ್‌ಮನ್‌ಗೆ ಕೇಳಿಸಿತಂತೆ.

"ಆ ಹುಡುಗಿ ನನ್ನ ಕೈ ಜೋಡಸಾಕ ಬರ್ತಾಳೋ ಮುರ್ಯಾಕ ಬರ್ತಾಳೋ ತಿಳಿವಲ್ದು" ಎಂದು ಫೋನಿನಲ್ಲಿ ಹೇಳಿದಳು. ಆಮೇಲೆ ಸ್ವಪ್ನಾ ಬರುವ ಹೊತ್ತಿಗೆ ಅಕ್ಕನಿಗೆ ತಲೆನೋವು, ಜಳಕ, ಪೂಜೆ, ಒಂದಲ್ಲ ಒಂದು ಅಡ್ಡ ಬರತೊಡಗಿತು. ಹಿಸುಕಲೆಂದು ಸ್ವಪ್ನಾ ಕೊಟ್ಟ ಮೆತ್ತನೆಯ ಚೆಂಡು ಸೋಫಾದ ಸಂದಿಯಲ್ಲಿ ಸಿಕ್ಕಿತು. ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂರುವುದು ಅಭ್ಯಾಸವಾಯಿತು. ಭಾವ ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುತ್ತಾರೆ, ಬೆಳಿಗ್ಗೆ ಹೊರಟರೆ ಊರಿನ ಇನ್ನೊಂದು ತುದಿ. ನನ್ನ ಕೆಲಸ ಶುರುವಾಗುವುದು ಸಂಜೆ. ಆದ್ದರಿಂದ ಮಧ್ಯಾಹ್ನಗಳ ಜವಾಬ್ದಾರಿ ನನ್ನ ಮೇಲೆ ಬಿತ್ತು.

ನನ್ನ ಮನೆಯಿರುವ ಮಲಕ್‌ಪೇಟೆಯಿಂದ ಅಕ್ಕನ ಮಿಯಾಪುರಕ್ಕೆ ಮೆಟ್ರೋದಲ್ಲಿ ಕೂತರೆ ಮಾಡಲು ಏನೂ ಇರುವುದಿಲ್ಲ. ನನ್ನಂಥವನಿಗೆ ಅದು ಶಿಕ್ಷೆ. ಬಾಗಿಲ ಬಳಿ ನಿಲ್ಲುತ್ತೇನೆ, ಕೂರುತ್ತೇನೆ, ಮತ್ತೆ ನಿಲ್ಲುತ್ತೇನೆ. ಕಿಟಕಿಯಲ್ಲಿ ಊರು ಪಕ್ಕಕ್ಕೆ ಸರಿಯುತ್ತದೆ. ಗಾಜಿನ ಕಟ್ಟಡ, ರಸ್ತೆಯ ಮೇಲೆ ರಸ್ತೆ, ಅದರ ಮೇಲೆ ನಾನಿರುವ ರೈಲು. ಬರ್ಕತ್‌ಪುರದಲ್ಲಿ ನಾವು ನೋಡಿ ನಕ್ಕ ಊರು ಇದೇ. ಚಿತ್ರ ಬರೆದವರು ಬಹುತೇಕ ಸರಿಯಾಗಿಯೇ ಊಹಿಸಿದ್ದರು. ರೈಲಿನಲ್ಲಿ ಎಲ್ಲರೂ ತಲೆತಗ್ಗಿಸಿ ಹೆಬ್ಬೆರಳು ಆಡಿಸುತ್ತಿರುತ್ತಾರೆ ಎಂಬುದೊಂದನ್ನು ಬಿಟ್ಟು.

ಅಕ್ಕನ ಮುಂದೆ ನಾನು ಉಪದೇಶ ಮಾಡಿದೆ. ಮರಗಟ್ಟಿದ ಕೈ ಸರಿಹೋದವರ ಕಥೆಗಳನ್ನು ಹುಡುಕಿ ಓದಿ ಹೇಳಿದೆ. ಅವಳು "ಇದು ಯಾವ ಪತ್ರಿಕೆದಾಗ ಬಂದೈತಿ? ಮೂಲ ಯಾವುದು?" ಎಂದು ನನ್ನ ಪ್ರಶ್ನೆಯನ್ನೇ ನನಗೆ ಕೇಳಿದಳು. ನಾನು ಗಡಿಯಾರ ನೋಡುವುದು, ಅವಳು ನಾನು ಗಡಿಯಾರ ನೋಡುವುದನ್ನು ನೋಡುವುದು, ಹೀಗೆ ಹಲವು ಮಧ್ಯಾಹ್ನಗಳು ಹೋದವು.

ಇನ್ನೂ ಮೆತ್ತನೆಯ ಚೆಂಡು ಸಿಗಬಹುದೆಂದು ಬೇಗಂ ಬಜಾರಿಗೆ ಹೋದೆ. ಸ್ಟೀಲ್ ಡಬ್ಬಿ, ಒಣಮೆಣಸಿನಕಾಯಿಯ ಘಾಟು, ಪ್ಲಾಸ್ಟಿಕ್ ಬಕೆಟ್‌ಗಳ ಗೋಪುರ, ಎಲ್ಲ ದಾಟಿ ಆಟಿಕೆಗಳ ಸಗಟು ಅಂಗಡಿಯ ಮುಂದೆ ನಿಂತರೆ, ಗೋಡೆಯ ಟಿ.ವಿ.ಯಲ್ಲಿ ನೀಲಿ ಪೊಲೀಸ ಎಡದಿಂದ ಬಲಕ್ಕೆ ಓಡುತ್ತಿದ್ದ. ಈಗ ಅವನು ಸಾಬೂನು ಪೆಟ್ಟಿಗೆಯಷ್ಟು ಸಣ್ಣ ಡಬ್ಬಿಯೊಳಗೆ, ಇನ್ನೆಷ್ಟೋ ಹಳೆಯ ಆಟಗಳ ಜೊತೆ ತುಂಬಿಕೊಂಡಿದ್ದಾನೆ. ಅದನ್ನು ತಂದೆ. ಚೆಂಡು ಮರೆತುಹೋಯಿತು.

ಟಿ.ವಿ.ಗೆ ಜೋಡಿಸುವುದನ್ನು ಅಕ್ಕ ಸೋಫಾದಿಂದಲೇ ನೋಡಿದಳು.

"ಇದೇನೋ?"

"ಪೊಲೀಸ್ ಗೇಮ್. ನೆನಪೈತಿ? ನಿನ್ನ ಕೆಂಪು ಇವನ ನೋಡು."

"ನನ್ನ ಕೈಗೆ ಚೆಂಡು ಹಿಡ್ಯಾಕ ಆಗವಲ್ದು, ಇವ ಬಂದೂಕು ಕೊಡಾಕ ಬಂದಾನ" ಎಂದು ಮುಖ ತಿರುಗಿಸಿದಳು.

ನಾನು ಒಬ್ಬನೇ ಆಡತೊಡಗಿದೆ. ಉಪಾಯವೇನೂ ಇರಲಿಲ್ಲ. ಸುಮ್ಮನೆ ಕೂರಲು ಆಗದೆ ಆಡಿದೆ. ನನ್ನ ಪದ್ಧತಿಯಂತೆ ಎದುರು ಬಂದವರನ್ನು ಹೊಡೆದು, ಉಳಿದವರನ್ನು ಹಾರಿ, ಮುಂದಕ್ಕೆ ಓಡಿದೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಧ್ವನಿ ಬಂತು.

"ಲೇ ರಘ್ಯಾ, ಮಾಳಗಿ ಮ್ಯಾಲ ಒಬ್ಬನ್ನ ಬಿಟ್ಟಿ."

"ಇರ್ಲಿ ಬಿಡು. ಪರದೆಯಿಂದ ಆಚೆ ಹೋದ, ಮುಗೀತು."

"ಮುಗೀತಂದ್ರ? ನಿನ್ನ ಕಣ್ಣಿಗೆ ಕಾಣವಲ್ದು, ಅಷ್ಟ. ಹಲ್ಲಿನ ಸಂದ್ಯಾಗ ಕೊಳಿ ಬಿಟ್ರ ಒಳಗೊಳಗ ತಿನ್ಕೋಂತ ಹೋಗ್ತೈತಿ."

"ಇವರು ಕಳ್ಳರು ಅಕ್ಕಾ, ಹಲ್ಲಿನ ಹುಳ ಅಲ್ಲ."

"ಎರಡೂ ಒಂದ. ಅಗೋ, ಇನ್ನೊಬ್ಬ! ಅವನ್ನೂ ಬಿಟ್ಟಿ! ಅಯ್ಯ ನಿನ್ನ, ಸರಿ ಆ ಕಡೆ." ಸೆರಗಿನಿಂದ ಕೈ ಹೊರಬಂತು. ಎರಡನೆಯ ಕಂಟ್ರೋಲರನ್ನು ಎತ್ತಿಕೊಂಡಳು.

ಎತ್ತಿಕೊಂಡಳು ಎನ್ನುವುದು ಸ್ವಲ್ಪ ಉದಾರವಾದ ವರದಿ. ಎಡಗೈಯಿಂದ ತೊಡೆಯ ಮೇಲೆ ಇಟ್ಟುಕೊಂಡು, ಬಲಗೈಯನ್ನು ಅದರ ಮೇಲೆ ಹೊರೆಯಂತೆ ಹೇರಿದಳು. ಹೆಬ್ಬೆರಳು ಗುಂಡಿಯವರೆಗೆ ಬರಲಿಲ್ಲ. ಕೆಂಪು ಪೊಲೀಸ ಎಡ ಅಂಚಿನಲ್ಲಿ ಕಂಬದಂತೆ ನಿಂತಿದ್ದ. ಬಂದವರೆಲ್ಲ ಅವನನ್ನು ಹೊಡೆದು ಹೋದರು. ನೀಲಿ ಬಲ ಅಂಚಿನಲ್ಲಿ ಗೋಡೆಗೆ ಮೂಗು ಒತ್ತಿ ಕುಣಿಯುತ್ತಿದ್ದ. ಊರು ಸರಿಯಲಿಲ್ಲ. ನನ್ನ ಮೊಣಕಾಲು ತಾನಾಗಿಯೇ ಅಲುಗಾಡತೊಡಗಿತು. ಅಕ್ಕ ಎಡಗೈ ಚಾಚಿ ಗುಂಡಿ ಒತ್ತಲು ಹೋದಾಗ ಕರೆಗಂಟೆ ಸದ್ದು ಮಾಡಿತು.

ಸ್ವಪ್ನಾ. ಇವತ್ತು ತಲೆನೋವು, ಜಳಕ ಯಾವುದನ್ನೂ ಸಿದ್ಧಮಾಡಿಕೊಳ್ಳಲು ಅಕ್ಕನಿಗೆ ಸಮಯ ಸಿಕ್ಕಿರಲಿಲ್ಲ. ಹುಡುಗಿ ಚೀಲ ಕೆಳಗಿಟ್ಟು ಪರದೆ ನೋಡಿದಳು, ಅಕ್ಕನ ಕೈ ನೋಡಿದಳು. ಬೈಯಬಹುದು ಎಂದುಕೊಂಡೆ. ಅವಳು ಅಕ್ಕನ ಎಡಗೈಯನ್ನು ಎತ್ತಿ ಪಕ್ಕಕ್ಕಿಟ್ಟು, ಬಲಗೈಯನ್ನು ಮಾತ್ರ ಹಿಡಿದು, ಹೆಬ್ಬೆರಳನ್ನು ನಿಧಾನವಾಗಿ ಗುಂಡಿಯತ್ತ ಬಾಗಿಸಿದಳು. ಅಕ್ಕ ಕೂಗಿದಳು. ಕೂಗುತ್ತಲೇ ಒತ್ತಿದಳು. ಪರದೆಯ ಮೇಲೆ ಕೆಂಪು ಪೊಲೀಸ ಒಂದೇ ಒಂದು ಗುಂಡು ಹಾರಿಸಿದ. ಯಾರಿಗೂ ತಾಗಲಿಲ್ಲ.

"ಕೊಟ್ಟಂಡಿ ಮೇಡಂ, ಮಳ್ಳೀ ಕೊಟ್ಟಂಡಿ!" ಎಂದು ಹುಡುಗಿ ಚಪ್ಪಾಳೆ ತಟ್ಟಿದಳು. ಹೊಡೀರಿ, ಇನ್ನೊಮ್ಮೆ ಹೊಡೀರಿ.

ಅಂದಿನಿಂದ ಅದು ನಮ್ಮ ಮಧ್ಯಾಹ್ನದ ಕೆಲಸವಾಯಿತು. ಬಿಸಿನೀರಿನಲ್ಲಿ ಕೈ, ಆಮೇಲೆ ಸ್ವಪ್ನಾಳ ಹಿಂಸೆ, ಆಮೇಲೆ ಆಟ. ಇದನ್ನು ಓದುವವರು ಬೆರಳು ದಿನದಿನಕ್ಕೆ ಅರಳಿತು ಎಂದುಕೊಳ್ಳಬಾರದು. ಒಂದು ದಿನ ಬಾಗಿದ್ದು ಮರುದಿನ ಬಾಗುತ್ತಿರಲಿಲ್ಲ. ಆಟದಲ್ಲಿ ನಾವು ಮೊದಲ ಬೀದಿಯನ್ನೇ ದಾಟಲಿಲ್ಲ. ನಾನು ಬಲ ಅಂಚಿನಲ್ಲಿ ನಿಂತು "ಬಾ ಅಕ್ಕಾ" ಎನ್ನದಿರಲು ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ. ನಾಲಿಗೆ ಹಿಡಿದರೆ ಕಾಲು ಅಲುಗಾಡುತ್ತಿತ್ತು, ಕಾಲು ಹಿಡಿದರೆ ಉಸಿರು ಜೋರಾಗುತ್ತಿತ್ತು. ಅವಳಿಗೆ ಎಲ್ಲ ಕೇಳಿಸುತ್ತಿತ್ತು.

ಒಂದು ಮಧ್ಯಾಹ್ನ ಕಂಟ್ರೋಲರನ್ನು ದಿಂಬಿನ ಮೇಲೆ ಎಸೆದಳು.

"ನಿನಗ ಮುಂದ ಹೋಗೂದಷ್ಟ ಬೇಕು. ಹೋಗು, ಒಬ್ಬನ ಆಡು. ನಾ ಬಂದ್ರ ನಿನಗೂ ಹಗ್ಗ ಕಟ್ಟಿದ್ಹಂಗ."

"ಹಂಗಲ್ಲ ಅಕ್ಕಾ..."

"ಹಂಗ ಐತಿ. ಜ್ವರ ಬಂದ್ರ ಇಳಿತೈತಿ. ಇದು ಇಳಿಲಿಲ್ಲಂದ್ರ? ಈ ಕೈ ತಗೊಂಡು ಯಾರ ಬಾಯಾಗ ಇಡಲೋ ನಾ?"

ಅವಳು ಅಳುವುದನ್ನು ನಾನು ಅಪ್ಪ ತೀರಿಕೊಂಡಾಗ ಬಿಟ್ಟರೆ ನೋಡಿರಲಿಲ್ಲ. ಖಚಿತವಿಲ್ಲದ್ದನ್ನು ಬರೆಯಬಾರದು ಎಂಬ ನಿಯಮ ಇಷ್ಟು ವರ್ಷ ಪಾಲಿಸಿದ್ದೇನೆ. ಆ ಹೊತ್ತಿಗೆ ಅದು ಎಂಥ ನಿರುಪಯುಕ್ತ ನಿಯಮ ಎನ್ನಿಸಿತು. ಎದ್ದು ಅಡುಗೆಮನೆಗೆ ಹೋಗಿ ಚಹಾ ಮಾಡಿದೆ. ಸಕ್ಕರೆ ಹಾಕಿದ ಮೇಲೆ ಮತ್ತೊಮ್ಮೆ ಸಕ್ಕರೆ ಹಾಕಿದೆ. ಚಹಾ ತಂದಿಟ್ಟು, ಟಿ.ವಿ. ಮುಂದೆ ಕೂತು, ನನ್ನ ನೀಲಿ ಪೊಲೀಸನನ್ನು ಬಲ ಅಂಚಿನಿಂದ ಹಿಂದಕ್ಕೆ ನಡೆಸಿಕೊಂಡು ಹೋಗಿ, ಎಡ ಅಂಚಿನಲ್ಲಿ ನಿಂತಿದ್ದ ಕೆಂಪು ಪೊಲೀಸನ ಪಕ್ಕದಲ್ಲಿ ನಿಲ್ಲಿಸಿದೆ. ಮೇಲೆ ಗಡಿಯಾರ ಇಳಿಯುತ್ತಿತ್ತು. ಇಳಿಯಲಿ ಎಂದು ಬಿಟ್ಟೆ.

ಅಕ್ಕ ಚಹಾ ಗುಟುಕರಿಸಿ ಮುಖ ಕಿವುಚಿದಳು. "ಇಷ್ಟು ಸಕ್ಕರಿ ಹಾಕಿದ್ರ ಹಲ್ಲು ಉಳಿತಾವೇನೋ?" ಎಂದಳು. ಕಂಟ್ರೋಲರಿಗೆ ಕೈ ಚಾಚಿದಳು.

ಆಮೇಲೆ ಒಂದು ದಿನ ನಾವು ಮೊದಲ ಬೀದಿ ದಾಟಿದೆವು. ನಿಧಾನವಾಗಿ, ಅವಳ ಪದ್ಧತಿಯಲ್ಲಿ, ಮಾಳಿಗೆಯವನನ್ನೂ ಚರಂಡಿಯವನನ್ನೂ ಮುಗಿಸಿಯೇ ದಾಟಿದೆವು. ಎರಡನೆಯ ಬೀದಿಯಲ್ಲಿ ಒಂದು ಹಳ್ಳವಿದೆ. ಅಲ್ಲಿ ಜಿಗಿಯುತ್ತಲೇ ಗುಂಡು ಹಾರಿಸಬೇಕು, ಹೆಬ್ಬೆರಳು ಎರಡು ಗುಂಡಿಗಳ ಮೇಲೆ ಅಡ್ಡಲಾಗಿ ಮಲಗಬೇಕು. ಕೆಂಪು ಪೊಲೀಸ ಆ ಹಳ್ಳಕ್ಕೆ ಎಷ್ಟು ಸಲ ಬಿದ್ದನೋ ಲೆಕ್ಕವಿಟ್ಟಿಲ್ಲ. ಹಾರಿದ ದಿನ ಅಕ್ಕ ಪರದೆ ನೋಡಲಿಲ್ಲ, ತನ್ನ ಬೆರಳನ್ನೇ ನೋಡುತ್ತಿದ್ದಳು.

ಅದಾದ ಕೆಲವು ದಿನಕ್ಕೆ ಮನೆಗೆ ಬದಲು ಕ್ಲಿನಿಕ್ಕಿಗೆ ಬಾ ಎಂದು ಫೋನು ಮಾಡಿದಳು. ಹೋದರೆ ಬಿಳಿ ಕೋಟು ಹಾಕಿಕೊಂಡು ನಿಂತಿದ್ದಳು. ಕುರ್ಚಿಯ ದೀಪ ಉರಿಯುತ್ತಿತ್ತು.

"ಕೂಡು. ನಿನ್ನ ಹಿಂದಿನ ಹಲ್ಲು ಅಲಗಾಡಾಕತ್ತು ಭಾಳ ದಿನಾತು. ಇವತ್ತು ತೆಗಿತೀನಿ."

"ಅಕ್ಕಾ, ಬ್ಯಾರೆ ಯಾರ ಮ್ಯಾಲರ ಪರೀಕ್ಷಾ ಮಾಡು."

"ಬ್ಯಾರೆಯವರ ಬಾಯಾಗ ಮೊದಲ ಕೈ ಹಾಕಲೇನು? ತಮ್ಮ ಅಂತ ನಿನ್ನ ಯಾಕ ಇಟ್ಕೊಂಡೀನಿ? ಬಾಯಿ ತಗಿ."

ತೆಗೆದೆ. ಇಂಜೆಕ್ಷನ್ನಿನ ಹಿಡಿಯ ಮೇಲೆ ಅವಳ ಹೆಬ್ಬೆರಳು ಬಿಳಿಚಿತು. ನಿಧಾನವಾಗಿ, ನಡುವೆ ಒಮ್ಮೆ ನಿಂತು, ಮದ್ದು ಪೂರ್ತಿ ಒಳಗೆ ಹೋಯಿತು. ದವಡೆ ಜೋಮು ಹಿಡಿದ ಮೇಲೆ ಇಕ್ಕಳ ಎತ್ತಿಕೊಂಡಳು. ಮೊದಲ ಹಿಡಿತ ಜಾರಿತು. ಲೋಹ ಹಲ್ಲಿಗೆ ತಾಗಿದ ಸದ್ದು ನನ್ನ ತಲೆಯೊಳಗೆ ಕೇಳಿಸಿತು. ಅವಳು ಕೈ ಹಿಂದೆಗೆದುಕೊಂಡು ದೀಪದ ಆಚೆ ನೋಡುತ್ತ ನಿಂತಳು. ಬಾಯಿ ತೆರೆದು ಮಲಗಿದವನು ಧೈರ್ಯ ಹೇಳಲಾರ, ಅವಸರವನ್ನೂ ಮಾಡಲಾರ. ನಾನು ಛಾವಣಿ ನೋಡುತ್ತ ಮಲಗಿದ್ದೆ. ಅವಳು ಕೈ ಒರೆಸಿಕೊಂಡಳು, ಬೆರಳುಗಳನ್ನು ಒಂದೊಂದಾಗಿ ಜೋಡಿಸಿಕೊಂಡಳು, ಮತ್ತೆ ಹಿಡಿದಳು. ಹಲ್ಲು ಬಂತು.

ಹಲ್ಲನ್ನು ತಟ್ಟೆಗೆ ಹಾಕಿದಳು. ಇಕ್ಕಳ ಮಾತ್ರ ಕೈಯಲ್ಲೇ ಉಳಿಯಿತು. ಬೆರಳುಗಳು ಬಿಡಲಿಲ್ಲ. ಎಡಗೈಯಿಂದ ಒಂದೊಂದೇ ಬೆರಳನ್ನು ಬಿಡಿಸಿ ಅದನ್ನು ಕೆಳಗಿಟ್ಟಳು. ನಾನು ಬಾಯಿತುಂಬ ಹತ್ತಿ ಇಟ್ಟುಕೊಂಡು ಅವಳ ಕೈಯತ್ತ ಬೆರಳು ಮಾಡಿದೆ.

"ಭಾಳ ನೋವಾತು" ಎಂದಳು. ಮುಖದಲ್ಲಿ ನಗು ಇತ್ತು. "ನೀ ಮಾತಾಡಬ್ಯಾಡ. ಹತ್ತಿ ಕಚ್ಚಿ ಹಿಡಿ."

ಆಮೇಲೆ ಬಾಗಿಲ ಬಳಿ ಹೋದಳು. ಕ್ಲಿನಿಕ್ ಮುಚ್ಚಿದೆ ಎಂದು ಬರೆದ ಚೀಟಿಯನ್ನು ಯಾರೋ ಗಾಜಿಗೆ ನಾಲ್ಕು ಕಡೆ ಟೇಪು ಹಾಕಿ ಅಂಟಿಸಿದ್ದರು. ಬಲ ಹೆಬ್ಬೆರಳಿನ ಉಗುರನ್ನು ಟೇಪಿನ ತುದಿಗೆ ಕೊಟ್ಟು ಕೆರೆದಳು. ಬರಲಿಲ್ಲ. ಮತ್ತೆ ಕೆರೆದಳು. ನಾನು ಕುರ್ಚಿಯಿಂದ ಅರ್ಧ ಎದ್ದೆ.

"ಕೂಡು ಅಂದೆ" ಎಂದಳು, ತಿರುಗದೆಯೇ.

ಕೂತೆ. ಕೆಳಗೆ ಮೆಟ್ರೋದಿಂದ ಇಳಿದ ಜನ ಹರಿದು ಹೋಗುತ್ತಿದ್ದರು. ಅಕ್ಕ ಗಾಜಿಗೆ ಹಣೆ ತಾಗುವಷ್ಟು ಬಗ್ಗಿ, ಉಗುರಿನಿಂದ ಕೆರೆಯುತ್ತಲೇ ಇದ್ದಳು. ಬಹಳ ಹೊತ್ತಿನ ಮೇಲೆ ಟೇಪಿನ ಒಂದು ಮೂಲೆ ಎದ್ದಿತು.